ಮೂರನೆಯ ಮೇಲ್ಮನವಿ

ಡುಲೂತಿನ ಸ್ಕೂಲ್ ಬಸ್ ಡಿಪೋದಲ್ಲಿ, ಬೆಳಗಿನ ಪಾಳಿಗೆ ಮುಂಚೆ
ಗ್ರೆಟ್ಚೆನ್ ಹಾಲ್ವರ್ಸನ್ ಫ್ಯಾಕ್ಸಿಗೆ ಹಾಳೆ ಉಣಿಸುತ್ತಾಳೆ.

‘ರೋಗಿಯು ಆಹಾರ ಸೇವಿಸುತ್ತಿದ್ದು, ನಕ್ಕಿರುತ್ತಾಳೆ.
ವಸತಿ ಚಿಕಿತ್ಸೆಯ ಅಗತ್ಯ ಕಂಡುಬಂದಿರುವುದಿಲ್ಲ.’
ಸಹಿ ಹಾಕಿದ ವಿಮೆಯ ಡಾಕ್ಟರು
ಮಗಳ ಮುಖ ಕಂಡವರಲ್ಲ.

ನಕ್ಕಿದ್ದು ನಿಜ. ಹನ್ನೊಂದನೇ ದಿನ, ಒಂದೇ ಸಲ,
ಲೇಸು ಕಿತ್ತುಕೊಂಡ ಶೂ ಕಾಲಿಂದ ಜಾರಿದಾಗ.
ಅದನ್ನೂ ಬರೆದಿಟ್ಟುಕೊಂಡರಲ್ಲ, ಪುಣ್ಯಾತ್ಮರು!

ಲಗತ್ತು ಒಂದು: ಶಾಲೆಯ ಪತ್ರ.
ಎರಡು: ಆ ರಾತ್ರಿಯ ಆಂಬುಲೆನ್ಸ್ ಬಿಲ್ಲು.
ಮೂರು…
ಪೆನ್ನು ನಿಲ್ಲುತ್ತದೆ.
ಮನೆಯಲ್ಲಿ, ತಾನೇ ತಿರುಪು ಬಿಚ್ಚಿ
ಗೋಡೆಗೊರಗಿಸಿದ ಬಚ್ಚಲ ಬಾಗಿಲಿದೆ.
ಬಾಗಿಲು ಫ್ಯಾಕ್ಸಿನಲ್ಲಿ ಹೋಗುವುದಿಲ್ಲ.

ಏಳೂ ಹತ್ತಕ್ಕೆ ಬಸ್ಸು.
ಹತ್ತುವ ಮಕ್ಕಳ ಟೋಪಿ, ಹಿಮ, ಗದ್ದಲ.
ಗುಡ್ ಮಾರ್ನಿಂಗ್ ಎನ್ನುತ್ತ
ಅವಳು ಮುಖ ನೋಡುವುದಿಲ್ಲ,
ಲೇಸು ನೋಡುತ್ತಾಳೆ.