ಮೂರನೇ ಪಂಪು

ದಾಲಿಯಾನ್‌ನಲ್ಲಿ ರಾತ್ರಿ ಎರಡೂವರೆ.
ಕಡಲ ಗಾಳಿ ಕಿಟಕಿಯ ರಬ್ಬರನ್ನು ಅಲುಗಿಸುತ್ತಿದೆ.
ಉಕ್ಕಿನ ಡಬ್ಬಿಯೊಳಗೆ ಗಾಳಿಯೇ ಇಲ್ಲ.
ಇರದಂತೆ ಕಾಯುವುದು ಲುವಾನ್ ದಶುನ್‌ನ ಕೆಲಸ:
ಪಂಪಿಗೆ ಕಿವಿಯಿಟ್ಟು ಹೇಳುತ್ತಾನೆ,
"ಮೂರನೆಯದು ಕೆಮ್ಮುತ್ತಿದೆ."

ಈ ಕಡೆಯಿಂದ ಫ್ಲೋರಿನ್, ಒಂಟಿ, ಹಸಿದದ್ದು.
ಅಡ್ಡದಿಂದ ಹೈಡ್ರೋಜನ್, ಜೋಡಿ.
ಡಿಕ್ಕಿ. ಒಂದನ್ನು ಕಿತ್ತುಕೊಂಡು
ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಚಿಮ್ಮುತ್ತದೆ
(ಬರಿಗೈಯಲ್ಲಲ್ಲ ಮಾತ್ರ).
ಸಾವಿರ ಸಲ ಹೀಗೆಯೇ. ಮು ಯಾಛಿಂಗ್
ವೇಗವನ್ನು ಕೂದಲೆಳೆಯಷ್ಟು ಇಳಿಸಿ ಬರೆದುಕೊಳ್ಳುತ್ತಾಳೆ,
ಮತ್ತೆ ಕೂದಲೆಳೆಯಷ್ಟು.
ಚಪ್ಪಟೆ. ಚಪ್ಪಟೆ.
ಪೆನ್ನಿನ ಮುಚ್ಚಳ ಅಗಿದು ಅಗಿದು ಬಿಳಿಚಿದೆ.

ಆಮೇಲೆ ಗೆರೆ ಏಳುತ್ತದೆ,
ಮಲಗಿದವನ ಮೊಣಕಾಲು ಹೊದಿಕೆಯೊಳಗೆ ಎದ್ದ ಹಾಗೆ.

ಅಷ್ಟೇ ಶಕ್ತಿಯಲ್ಲಿ, ಹೆಚ್ಚಿದರಿಲ್ಲ, ಕಮ್ಮಿಯಾದರಿಲ್ಲ,
ಮೂವರೂ ಹೊರಡಲು ಮರೆತಿದ್ದಾರೆ.
ದಿಬ್ಬ ಹತ್ತುವ ಕಸುವಿಲ್ಲದೆ ದಿಬ್ಬದೊಳಗಿಂದಲೇ ನುಸುಳಿ
ಆಚೆಯ ಸಣ್ಣ ತಗ್ಗಿನಲ್ಲಿ ನಡುಗುತ್ತಿದ್ದಾರೆ,
ಹಳೆಯದಲ್ಲ, ಹೊಸದೂ ಅಲ್ಲ,
ಹೆಸರಿಡುವ ಮೊದಲೇ ಚದುರುವ ಸಂಸಾರ.

"ಎಷ್ಟು ಹೊತ್ತು ಒಟ್ಟಿಗಿದ್ದವು?" ಲುವಾನ್ ಕೇಳಿದ.
ಅವಳು ಹೇಳಿದಳು.
ಸೊನ್ನೆಗಳನ್ನು ಬೆರಳಲ್ಲಿ ಎಣಿಸಿ ಸೋತು
"ಊಟವಾಯಿತೇ ಅಂತ ಕೇಳಲೂ ಆಗಲಿಲ್ಲ, ಪಾಪ" ಎಂದು
ಥರ್ಮಾಸಿನಿಂದ ಬಿಸಿನೀರು ಬಗ್ಗಿಸಿದ.

ಅವನ ಹೆಂಡತಿ ಯಾಂಟಾಯ್ ಹಡಗಿನ ಅಡುಗೆಮನೆಯಲ್ಲಿ.
ನಸುಕಿನಲ್ಲಿ ಅವನು ಮೆಟ್ಟಿಲು ಹತ್ತುವಾಗ ಅವಳು ಇಳಿಯುತ್ತಾಳೆ;
ನಾಲ್ಕನೇ ಮಹಡಿಯ ತಿರುವಿನಲ್ಲಿ, ಬಲ್ಬು ಕೆಟ್ಟ ಕಡೆ,
ಅವಳ ಚೀಲದ ಪಟ್ಟಿ ಇವನ ಗುಂಡಿಗೆ ಸಿಕ್ಕಿಕೊಳ್ಳುತ್ತದೆ.
ಬಿಡಿಸಲು ಇಬ್ಬರೂ ಅವಸರ ಮಾಡುವುದಿಲ್ಲ.

ಇದನ್ನವನು ಹೇಳಲಿಲ್ಲ.
ಎಣ್ಣೆಯ ಡಬ್ಬ ಹಿಡಿದು ಮೂರನೇ ಪಂಪಿನತ್ತ ನಡೆದ.