ಹದಿನೈದು ನಿಮಿಷದ ನೀರು

ಹಾಲಿಗೆ ನೀರು ಬೆರಸ್ತಾಳಂತ
ಹನ್ನೊಂದು ವರ್ಷ ಬಾಯಜಾಬಾಯಿ ಜೋಡಿ ಜಗಳಾಡೇನಿ.
ಲ್ಯಾಕ್ಟೋಮೀಟರ್ ತಂದು ಪಾತೇಲಿಯೊಳಗ ಅದ್ದಿ
ಗೌಳಿಗಲ್ಲಿಗೆಲ್ಲ ತೋರ್ಸೇನಿ.
ಆಕಿ ನಗತಿದ್ಲು:
"ಎಮ್ಮಿನೂ ನೀರು ಕುಡೀತೈತಲ್ರೀ ಅಕ್ಕಾರ."

ಆ ದಿನ ನಸುಕಿನ್ಯಾಗ ಬಂದಾಗ ಕೈಯಾಗ ಕ್ಯಾನಿದ್ದಿಲ್ಲ.
ಹೊಸ್ತಿಲ ಹೊರಗ ನಿಂತು ಹೇಳಿದ್ಲು:

"ನಮ್ಮ ಮೋರೆಗೊಂಬಿನ ಎಮ್ಮಿಗೆ ಹುಚ್ಚುನಾಯಿ ಕಡದಿತ್ತಂತ,
ದೀಡ ತಿಂಗಳಾತು, ನಮಗ ಗೊತ್ತಿಲ್ಲ.
ನಿನ್ನೆಯಿಂದ ದನಿ ಒಡದೈತಿ, ಜೊಲ್ಲು ನಿಂದ್ರವಲ್ದು.
ನಿಮ್ಮನಿಗೆ ಕೊಟ್ಟಿದ್ದು ಅದರ ಹಾಲು.
ಕಾಸಿ ಕುಡದ್ರ ಹೆದರಿಕಿಲ್ಲಂತ.
ಹಸಿದು ಯಾರರೆ ಕುಡದಿದ್ರ ಇವತ್ತ ದವಾಖಾನಿಗೆ ಹೋಗ್ರಿ."

ಒಂದ ಹನಿ ನೀರು ಬೆರಸಿದ್ದಿಲ್ಲ ಆ ಮಾತಿಗೆ.

ಇಪ್ಪತ್ತಾರು ಮನಿ, ಇಪ್ಪತ್ತಾರು ಹೊಸ್ತಿಲಿಗೂ ಅದ ಮಾತು.
ಗರಡಿಮನಿ ದಾವಲಸಾಬ,
ದಿನಾ ಸಂಜಿಕೆ ಚರಿಗಿ ತುಂಬ ನೊರೆಹಾಲು ಕುಡಿಯಾಂವ,
ಸೂಜಿ ಅಂದಕೂಡ್ಲೆ ಕಟ್ಟಿ ಮ್ಯಾಲೆ ಕುಂತುಬಿಟ್ಟ.
ಕೊನಿಮನಿಯಾಕಿ ಬಾಗಿಲು ಧಡ್ಡಂತ ಹಾಕಿದ್ಲು,
ನಾಳಿಂದ ಪಾಕೀಟ ಹಾಲು ಅಂದ್ಲು.

ಅಜ್ಜಿ ಮನಿಮನಿ ತಿರುಗೂದ್ರಾಗ
ಮೊಮ್ಮಗ ಖಂಡು, ಒಂಬತ್ತು ವರ್ಷದವ,
ಎಮ್ಮಿ ಗಂಟಲಾಗ ಗೊಂಜಾಳ ತೆನಿ ಸಿಕ್ಕೈತಂತ ತಿಳಿದು
ಮೊಣಕೈತನಾ ಕೈ ಹಾಕಿಬಿಟ್ಟಿದ್ದ.
ದನದ ಡಾಕ್ಟರ್ ಚೀರಿದ್ದು ಓಣಿಗೆಲ್ಲ ಕೇಳಿಸ್ತು:
"ಸಾಬಣ ಹಚ್ಚಿ, ಹರಿಯೂ ನೀರಾಗ, ಹದಿನೈದು ನಿಮಿಷ!"

ಅವರಿಗೇನು, ಅಂದುಬಿಟ್ರು.
ನಳ ಬಂದು ಆರು ದಿನ ಆಗಿತ್ತು,
ಇನ್ನೂ ಎರಡು ದಿನ ಬಾಕಿ.

ಯಾರು ಮೊದಲು ಕೊಡ ಎತ್ತಿದ್ರೋ.
ನಾ ಕುಡಿಯೂ ನೀರಿನ ತಾಮ್ರದ ಬಿಂದಿಗಿ ಹೊತ್ತು ಓಡಿದೆ.
ಪೈಲವಾನನ ಎರಡು ಕೈಯಾಗ ಎರಡು ಕೊಡ.
ಕೊನಿಮನಿ ಬಾಗಿಲು ತಗೀತು,
ಬಕೀಟು ಹೊರಗ ಬಂತು, ಆಕಿ ಬರಲಿಲ್ಲ.
ಒಬ್ಬರ ಚರಿಗಿ ಮುಗಿಯೂದ್ರಾಗ ಇನ್ನೊಬ್ಬರದು.
ಧಾರಿ ಕಡೀಲಿಲ್ಲ.
ಖಂಡೂನ ಬೆರಳ ಸಂದಿ, ಉಗುರ ಬುಡ, ಹಲ್ಲು ತರಚಿದ ಗೆರಿ,
ಎಲ್ಲಾ ತೊಳಕೊಂಡು ಬುರುಗು
ಹಾಲಿನಂಗ ಗಟಾರಕ್ಕಿಳೀತು.

ಬಾಯಜಾಬಾಯಿಗೆ ಗಡಿಯಾರ ನೋಡಾಕ ಬರೂದಿಲ್ಲ.
"ಆತೇನ್ರೀ ಅಕ್ಕಾರ?"
"ಇನ್ನಾ ಇಲ್ಲ."
"ಆತೇನ್ರೀ?"
"ಹಾಕ್ಕೋತ ಇರು."

ಎಮ್ಮಿ ಈಗ ಊರ ಹೊರಗ, ಆಳದ ಕುಣಿಯಾಗ, ಸುಣ್ಣದ ಕೆಳಗ.
ಸೂಜಿ ಎಲ್ಲಾ ಮುಗಿಸಿದ ಖಂಡು
ನಾಯಿಗೆ ಲಸಿಕಿ ಹಾಕೂ ಗಾಡಿ ಹಿಂದ ಓಡ್ತಾನ,
ಯಾವ ನಾಯಿಗೆ ಹಸಿರು ಬಣ್ಣ ಹಚ್ಯಾರ, ಯಾವುದಕ್ಕ ಬಿಟ್ಟಾರ,
ಬೆರಳು ಮಡಿಚಿ ಎಣಸ್ತಾನ.
ಮೂರು ತಪ್ಪಿಸಿಕೊಂಡಾವಂತ.

ಹಾಲು ಮತ್ತ ಬರಾಕತ್ತೈತಿ. ಉಕ್ಕಿ ಬರೂತನಾ ಕಾಸ್ತೇನಿ.
ತೆಳ್ಳಗದ, ಮೊದಲಿನಂಗ.
ಹೇಳಿದೆ ಆಕಿಗೆ.
ನಕ್ಕಳು.