ಸಹಿ ಹೊಂದುತ್ತಿಲ್ಲ

ಬ್ಯಾಂಕಿನ ಹುಡುಗಿ ಫಾರಮ್ಮು ವಾಪಸ್ಸು ತಳ್ಳಿದಳು, ಮೂರನೇ ಸಲ.
'ಮೇಡಂ, ಸಹಿ ಹೊಂದುತ್ತಿಲ್ಲ.'
ಹತ್ತೊಂಬತ್ತು ವರ್ಷದ ಹಿಂದೆ ನಾನೇ ಹಾಕಿದ್ದು,
ಕ್ಷಿ ಮುಗಿದ ಮೇಲೂ ಮುಗಿಯದ ಉದ್ದ ಬಾಲ,
ಬಾಲದ ಕೆಳಗೆ ಎರಡು ಚುಕ್ಕೆ.
ಯಾವ ಧಿಮಾಕಿಗೆ ಇಟ್ಟಿದ್ದೆನೋ ಆ ಚುಕ್ಕೆ.

ಪೆನ್ನಿನದೇ ತಪ್ಪು ಅಂದುಕೊಂಡು
ಮತ್ತಿಕೆರೆಯ ಬಸ್‌ಸ್ಟಾಪಿನ ಹಿಂದೆ
ಟೈಲರಿಗೂ ಬೇಕರಿಗೂ ನಡುವೆ
ಉಸಿರು ಬಿಗಿಹಿಡಿದು ನಿಂತ
ಚೌಡೇಶ್ವರಿ ಸ್ಟೇಷನರಿಗೆ ಹೋದೆ.
ಅಲ್ಲಿ ಇಬ್ಬರು ಗಿರಾಕಿ ಬಂದರೆ
ಮೂರನೆಯವರು ಚರಂಡಿ ಕಲ್ಲಿನ ಮೇಲೆ.

ಚೂಡಪ್ಪನವರು ಸ್ಟೂಲು ಹತ್ತಿ ಗ್ರಾಫ್ ಹಾಳೆ ಇಳಿಸುತ್ತಿದ್ದರು.
ತಿರುಗದೆಯೇ ಕೇಳಿದರು, 'ನೀಲಿಯೋ ಕಪ್ಪೋ?'
'ಸಹಿಗೆ.'
'ಹಂಗಾದ್ರೆ ಕೂತ್ಕೊಳ್ಳಿ.
ನಿಂತು ಹಾಕಿದ ಸಹಿ ಯಾವತ್ತೂ ಬೇರೆಯೋರ್ದು.'

ಕೂರಲು ಎ-ಫೋರ್ ಕಾಗದದ ಬಂಡಲು.
ಎದುರಿಗೆ, ಪೆನ್ನು ಓಡುತ್ತದೋ ಇಲ್ಲವೋ ನೋಡಲು,
ದಾರ ಕಟ್ಟಿ ಇಳಿಬಿಟ್ಟ ಪ್ಯಾಡು.
ಇಡೀ ಮತ್ತಿಕೆರೆ ಅದರಲ್ಲಿ ಗೀಚಿ ಹೋಗಿತ್ತು:
ಸೊನ್ನೆ, ಸೊನ್ನೆ, ಸ್ಪ್ರಿಂಗಿನ ಸುರುಳಿ,
ಒಂದು ಶ್ರೀ, ಅದರ ಪಕ್ಕ ೭೮೬,
ಯಾರದೋ ಫೋನ್ ನಂಬರಿನ ಒಂಬತ್ತೇ ಅಂಕಿ,
ಭಾಗ್ಯ ಭಾಗ್ಯ ಭಾಗ್ಯ, ಆಮೇಲೆ ಅಡ್ಡಗೀಟು,
ಇಂಕು ಬರದೆ ಕಾಗದವನ್ನೇ ಹರಿದ ಒಂದು ಸಿಟ್ಟು.

ನಾನೂ ಬರೆದೆ. ವಿಮಲಾಕ್ಷಿ.
ಜೆಲ್ಲಿನಲ್ಲಿ ಜಾರಿದಳು, ಬಾಲ್‌ಪೆನ್ನಿನಲ್ಲಿ ಸೊರಗಿದಳು.
ಬಾಲ ಬಂದರೆ ಚುಕ್ಕೆ ಮರೆತು,
ಚುಕ್ಕೆ ನೆನಪಿಟ್ಟರೆ ಬಾಲ ಮೊಂಡು.

ನಡುವೆ ಒಬ್ಬ ಹುಡುಗ ಏದುತ್ತಾ ಬಂದ.
'ಅಂಕಲ್, ಜೀರ್ಣಾಂಗ ಇದೆಯಾ?'
'ಖಾಲಿ. ಹೃದಯ ಇದೆ. ಎರಡು ರೂಪಾಯಿ.'
ಹುಡುಗ ಒಂದು ಕಾಲಿನ ಮೇಲೆ ನಿಂತು ಯೋಚಿಸಿದ.
'ಬೇಡ. ಹೃದಯ ತಗೊಂಡು ಹೋದ್ರೆ ಮಿಸ್ ಬಯ್ತಾರೆ.'

ಚೂಡಪ್ಪನವರು ನನ್ನ ಕಡೆ ತಿರುಗಿದರು.
'ಬಿಡಿ ಮೇಡಂ, ಒಂಬತ್ತು ಪೆನ್ನಾಯ್ತು.
ನಿಮ್ಮ ಹಳೇ ಸಹಿ ನಮ್ಮಲ್ಲಿ ಸ್ಟಾಕಿಲ್ಲ.'
ನಗು ಬಂತು. ಐದು ರೂಪಾಯಿಯದೊಂದು ಆರಿಸಿದೆ.
ತುಂಬಿದ ಹಾಳೆಯನ್ನು ಚರ್ರನೆ ಹರಿದು
ಅದರಲ್ಲೇ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು.

ಅಡುಗೆಕಟ್ಟೆಯ ಮೇಲೆ ಬಿಡಿಸಿದೆ.
ಹದಿನಾಲ್ಕು ವಿಮಲಾಕ್ಷಿಯರು,
ಒಬ್ಬಳ ಮುಖ ಇನ್ನೊಬ್ಬಳಿಗಿಲ್ಲ.
ಮೂಲೆಯಲ್ಲಿ, ಹಸಿರು ಇಂಕಿನಲ್ಲಿ,
ಆತುರವಿಲ್ಲದ ಗುಂಡು ಅಕ್ಷರ:
ನಾಳೆ ಹೇಳ್ತೀನಿ.

ಯಾರಿಗೆ? ಏನು?
ಆ ಹಸಿರು ಪೆನ್ನು ಕೊಂಡರೋ, ಇಟ್ಟು ಹೋದರೋ?
ಕುಕ್ಕರು ಎರಡು ಸಲ ಕೂಗಿತು.
ಸುಮ್ಮನೆ, ಅದರ ಕೆಳಗೆ, ನಾನೂ ಬರೆದೆ:
ನಾಳೆ ಹೇಳ್ತೀನಿ.
ಒಂದೇ ಏಟಿಗೆ ಬಂತು,
ಬಾಲ ಸಮೇತ,
ಎರಡೂ ಚುಕ್ಕೆ ಸಮೇತ.